ಕೂತಿರಿ ಅಪ್ಪಾಜಿ, ನಾವು ಮಾಡ್ತೀವಿ

ಅರುವತ್ತು ದಾಟಿದವರಿರುವ ಮನೆಗೆ ಹೋದರೆ ಕಾಫಿಗಿಂತ ಮೊದಲು ಹೊರಗೆ ಬರುವುದು ಎಂಆರ್‌ಐ ಕವರ್. ಬೀರುವಿನ ಮೇಲಿಂದಲೋ ಹಾಸಿಗೆಯ ಅಡಿಯಿಂದಲೋ ಎಳೆದು, ಧೂಳು ಒರೆಸಿ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಾರೆ. ‘ಎಲ್ ಫೋರ್ ಎಲ್ ಫೈವ್ ಹೋಗಿದೆಯಂತೆ ಮೇಡಂ.’ ಇಂಗ್ಲಿಷ್ ಅಕ್ಷರವೇ ಗೊತ್ತಿಲ್ಲದ ಅಜ್ಜಿಯರಿಗೂ ಈ ಎರಡು ಸಂಖ್ಯೆ ಬಾಯಿಪಾಠ. ಸವೆದಿದೆ, ಗ್ಯಾಪ್ ಬಂದಿದೆ, ಡಿಸ್ಕ್ ಜಾರಿದೆ, ನರ ಒತ್ತಿದೆ ಎಂಬ ಮಾತುಗಳೂ ಅದರ ಹಿಂದೆಯೇ ಬರುತ್ತವೆ. ಮೂಳೆಯ ಬಗ್ಗೆ ಇಷ್ಟೆಲ್ಲ ತಿಳಿದುಕೊಂಡಿರುವ ಮನೆಗಳಲ್ಲಿ ಆ ಮೂಳೆಯನ್ನು ಹೊತ್ತು ನಿಂತ ಮಾಂಸಖಂಡದ ಬಗ್ಗೆ ಒಬ್ಬರೂ ಕೇಳುವುದಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಮಂಗಳೂರಿನಲ್ಲಿ ಓದಿ ಬಂದು ಶಿವಮೊಗ್ಗದ ಆಲ್ಕೊಳದಲ್ಲಿ ಮನೆ ಮಾಡಿದ್ದೇನೆ. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಆಲ್ಕೊಳ ಸರ್ಕಲ್, ವಿನೋಬನಗರ, ಗೋಪಾಳ ಎಂದು ಮನೆಯಿಂದ ಮನೆಗೆ; ವಾರದ ಕೆಲವು ದಿನ ಭದ್ರಾವತಿಯ ನ್ಯೂಟೌನ್, ಜನ್ನಾಪುರ, ಪೇಪರ್‌ಟೌನ್. ನನ್ನ ಕೈಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಅವರ ದೂರುಗಳಲ್ಲಿ ಹೆಚ್ಚಿನದು ಸೊಂಟ ನೋವು.

ಎಂಆರ್‌ಐ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದೆಲ್ಲ ನೋವಿನ ಕಾರಣವೂ ಅಲ್ಲ. ಸೊಂಟ ನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ ಒಂದು ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ಹರೆಯದವರಲ್ಲೇ ಶೇ. 37 ಜನರ ಡಿಸ್ಕ್ ಸವೆದಿತ್ತು, ಎಂಬತ್ತರವರಲ್ಲಿ ಶೇ. 96. ಡಿಸ್ಕ್ ಉಬ್ಬಿದ್ದು ಇಪ್ಪತ್ತರಲ್ಲಿ ಶೇ. 30, ಎಂಬತ್ತರಲ್ಲಿ ಶೇ. 84. ಇವರಾರಿಗೂ ನೋವಿರಲಿಲ್ಲ ಎಂಬುದನ್ನು ಮತ್ತೊಮ್ಮೆ ಹೇಳುತ್ತೇನೆ. ತಲೆಗೂದಲು ಬೆಳ್ಳಗಾಗುವಂತೆ ಡಿಸ್ಕ್ ಸವೆಯುತ್ತದೆ ಎಂದು ನಾನು ಅಂದರೆ, ಅಷ್ಟು ಸಾವಿರ ಕೊಟ್ಟು ಸ್ಕ್ಯಾನ್ ಮಾಡಿಸಿದ ಮಗನಿಗೆ ಮುಖ ಸಪ್ಪಗಾಗುತ್ತದೆ.

ಹಾಗಂತ ಸ್ಕ್ಯಾನ್ ಬೇಡವೇ ಬೇಡ ಎಂದಲ್ಲ. ಮೂತ್ರ, ಮಲ ಹಿಡಿತ ತಪ್ಪಿದರೆ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಕುಂದಿದರೆ ಅವತ್ತೇ ಆಸ್ಪತ್ರೆ ಸೇರಬೇಕು. ಮೆಗ್ಗಾನ್‌ಗೋ ಮತ್ತೊಂದಕ್ಕೋ, ಹತ್ತಿರ ಯಾವುದಿದೆಯೋ ಅಲ್ಲಿಗೆ. ಸಣ್ಣದಾಗಿ ಜಾರಿ ಬಿದ್ದ ಮೇಲೆ ಶುರುವಾದ ತೀವ್ರ ನೋವು, ಅದರಲ್ಲೂ ಹೆಂಗಸರಲ್ಲಿ, ಬೆನ್ನುಮೂಳೆ ಬಿರುಕು ಬಿಟ್ಟಿರುವ ಸೂಚನೆ ಇರಬಹುದು. ನೋವಿನ ಜೊತೆ ಜ್ವರ, ತೂಕ ಇಳಿಯುವುದು, ಮಲಗಿದರೂ ರಾತ್ರಿಯಿಡೀ ಬಿಡದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವು, ಇವನ್ನೂ ತಳ್ಳಿಹಾಕುವಂತಿಲ್ಲ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ. ಇಂಥವು ಕಂಡರೆ ನಾನು ಕೈ ಹಾಕುವುದಿಲ್ಲ, ನೇರ ಡಾಕ್ಟರ ಹತ್ತಿರ ಕಳಿಸುತ್ತೇನೆ. ಆದರೆ ಸೊಂಟ ನೋವಿನ ಬಹುಪಾಲು ಈ ಪಟ್ಟಿಯ ಹೊರಗಿನದು.

ಕವರ್ ಪಕ್ಕಕ್ಕಿಟ್ಟು ನಾನು ಹೇಳುವುದು ಒಂದೇ ಮಾತು: ‘ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದೇಳಿ.’

ನ್ಯೂಟೌನಿನಲ್ಲಿ ಒಬ್ಬ ಯಜಮಾನರು. ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿ ನಿವೃತ್ತರಾದವರು. ಎಪ್ಪತ್ನಾಲ್ಕು ವಯಸ್ಸು, ದೊಡ್ಡ ಆಳು, ಎದೆ ಇವತ್ತಿಗೂ ಅಗಲ. ಕೈ ಕಟ್ಟಿಕೊಂಡರು. ಮುಂದೆ ಬಾಗಿದರು. ಪೃಷ್ಠ ಕುರ್ಚಿಯಿಂದ ಒಂದು ಗೇಣು ಮೇಲೆದ್ದು, ಮತ್ತೆ ಧಪ್ಪನೆ ಕೂತಿತು. ಎರಡನೇ ಸಲ ಕಾಲುಗಳನ್ನು ಹಿಂದಕ್ಕೆ ಸರಿಸಿಕೊಂಡು, ಎರಡು ಬಾರಿ ಹಿಂದೆಮುಂದೆ ತೂಗಿ, ‘ರಾಮಾ’ ಎಂದರು. ಅಷ್ಟರಲ್ಲಿ ಬಲಗೈ ತಾನಾಗಿಯೇ ಬಿಚ್ಚಿಕೊಂಡು ತೊಡೆಯ ಮೇಲೆ ಊರಿಬಿಟ್ಟಿತ್ತು. ಎದ್ದು ನಿಂತ ಮೇಲೂ ಸೊಂಟ ಪೂರ್ತಿ ನೆಟ್ಟಗಾಗಲಿಲ್ಲ. ಅವರಿಗೆ ನನಗಿಂತ ಹೆಚ್ಚು ಆಶ್ಚರ್ಯ. ‘ಅಲ್ಲಮ್ಮಾ, ಶಿಫ್ಟಿನಲ್ಲಿ ಎಂಟು ಗಂಟೆ ನಿಂತು ಕೆಲಸ ಮಾಡಿದ ಕಾಲು ಇದು. ಆಗ ಏನೂ ಆಗದ ಸೊಂಟ ಈಗ ಯಾಕೆ?’

ಪ್ರಶ್ನೆ ಸರಿಯಾಗಿಯೇ ಇದೆ. ಅವರ ಕಾರ್ಖಾನೆಯ ಕಥೆಯೇ ಮೈಕಷ್ಟದ ಕಥೆ. ಆಗ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ ಕೆಲಸ, 1923ರಲ್ಲಿ ಕಬ್ಬಿಣ ಹೊರಬಂತು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡಿನಿಂದ ಇದ್ದಿಲಿಗೆ ಸೌದೆ. ಕಡಿದವರು, ಹೊತ್ತವರು, ಕುಲುಮೆಯ ಎದುರು ನಿಂತವರು, ಎಲ್ಲ ಮನುಷ್ಯರೇ. ಈಗ ವಿಐಎಸ್ಎಲ್ ಎನ್ನುವ ಆ ಕಾರ್ಖಾನೆ ಉಳಿಯುತ್ತದೋ ಮುಚ್ಚುತ್ತದೋ ಎಂಬ ಚಿಂತೆ. 2023ರಲ್ಲಂತೂ ಮುಚ್ಚುವ ತೀರ್ಮಾನವೇ ಆಗಿ ಊರು ಬೀದಿಗಿಳಿದಿತ್ತು. ಆಚೆ ಕಾಗದದ ಕಾರ್ಖಾನೆ ಎಂಪಿಎಂನ ಯಂತ್ರಗಳು ನಿಂತು ವರ್ಷಗಳಾದವು. ಆ ಎರಡು ಕಾರ್ಖಾನೆಗಳ ನಿವೃತ್ತರು ಭದ್ರಾವತಿಯ ತುಂಬ ಇದ್ದಾರೆ. ಐವತ್ತೆಂಟು ಅರುವತ್ತರವರೆಗೆ ಮೈ ಮುರಿದು ದುಡಿದು, ಮಾರನೆಯ ದಿನದಿಂದ ಪ್ಲಾಸ್ಟಿಕ್ ಕುರ್ಚಿ, ಪೇಪರು, ಟಿವಿ. ದುಡಿದು ಬೆಳೆಸಿದ ಮಾಂಸಖಂಡವನ್ನು ದೇಹ ಪಿಂಚಣಿಯಂತೆ ಜೀವನಪೂರ್ತಿ ಕೊಡುತ್ತ ಹೋಗುವುದಿಲ್ಲ. ಕೆಲಸ ಇಲ್ಲದ ಸ್ನಾಯುವನ್ನು ಅದು ಇಟ್ಟುಕೊಳ್ಳುವುದೇ ಇಲ್ಲ.

ಐವತ್ತು ದಾಟಿದ ಮೇಲೆ ವರ್ಷಕ್ಕೆ ಹೆಚ್ಚುಕಡಿಮೆ ನೂರರಲ್ಲಿ ಒಂದು ಪಾಲು ಸ್ನಾಯು ಕರಗುತ್ತದೆ. ಶಕ್ತಿ ಅದಕ್ಕಿಂತ ಬೇಗ ಇಳಿಯುತ್ತದೆ. ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ನರಕೋಶಗಳೇ ಕಡಿಮೆಯಾಗುತ್ತವೆ; ಸರಕ್ಕನೆ ಕೆಲಸ ಮಾಡುವ ಎಳೆಗಳು ಮೊದಲು ಸಾಯುತ್ತವೆ. ಎಡವಿದಾಗ ತಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳುವುದು ಈ ಎಳೆಗಳಿಂದಲೇ. ವಯಸ್ಸಿನ ಈ ಸ್ನಾಯುನಷ್ಟಕ್ಕೆ ಸಾರ್ಕೋಪೀನಿಯಾ ಎಂಬ ಹೆಸರು ಬಂದದ್ದು 1980ರ ದಶಕದ ಕೊನೆಯಲ್ಲಿ, ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅವರಿಂದ. ಅಮೆರಿಕದಲ್ಲಿ ಅದಕ್ಕೆ ಕಾಯಿಲೆಯ ಸಂಕೇತಸಂಖ್ಯೆ ಸಿಕ್ಕಿದ್ದು 2016ರಲ್ಲಿ. ಡಾಕ್ಟರ ಚೀಟಿಯಲ್ಲಿ ಈ ಹೆಸರು ನಿಮಗೆ ಕಂಡಿರದಿದ್ದರೆ ಅದೇನೂ ವಿಚಿತ್ರವಲ್ಲ.

ತೂಕದ ಯಂತ್ರಕ್ಕೂ ಇದು ಸಿಕ್ಕುವುದಿಲ್ಲ. ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಕೂತರೆ ತೂಕ ಅಷ್ಟೇ ಇರುತ್ತದೆ. ‘ನಮ್ಮತ್ತೆ ಚೆನ್ನಾಗಿ ದಪ್ಪಗಿದ್ದಾರಲ್ಲ’ ಎನ್ನುವ ಸೊಸೆಯಂದಿರಿಗೆ ನಾನು ಅತ್ತೆಯ ಮೀನಖಂಡ ತೋರಿಸುತ್ತೇನೆ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಮೀನಖಂಡದ ದಪ್ಪನೆಯ ಭಾಗಕ್ಕೆ ಬಳೆಯಂತೆ ತೊಡಿಸಿ ನೋಡಿ. ಬೆರಳು ಸೇರದಿದ್ದರೆ ಒಳ್ಳೆಯದು. ಸೇರಿಯೂ ಒಳಗೆ ಜಾಗ ಉಳಿದರೆ ಸ್ನಾಯು ಸೊರಗಿದೆ ಎಂಬ ಅನುಮಾನ ಪಡಬಹುದು. ಜಪಾನಿನವರು ಬಳಕೆಗೆ ತಂದ ಪರೀಕ್ಷೆ ಇದು, ಕಾಸು ಖರ್ಚಿಲ್ಲ. ಕಾಲು ಬಾತವರಲ್ಲಿ ಮಾತ್ರ ನಂಬುವಂತಿಲ್ಲ. ಏಷ್ಯಾದ ತಜ್ಞರ ತಂಡ 2019ರಲ್ಲಿ ಕೊಟ್ಟ ಅಳತೆಯಲ್ಲಿ ಮೀನಖಂಡದ ಸುತ್ತಳತೆ ಗಂಡಸರಿಗೆ 34 ಸೆಂಟಿಮೀಟರಿಗಿಂತ, ಹೆಂಗಸರಿಗೆ 33ಕ್ಕಿಂತ ಕಡಿಮೆ ಇರಬಾರದು. ಕೈ ಊರದೆ ಐದು ಸಲ ಕುರ್ಚಿಯಿಂದ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ, ಆರು ಮೀಟರ್ ನಡೆಯಲು ಆರು ಸೆಕೆಂಡಿಗಿಂತ ಹೆಚ್ಚು ಬೇಕಾದರೆ, ಶಕ್ತಿ ಕುಂದಿದೆ ಎಂದರ್ಥ. ನಮ್ಮ ಮೇಸ್ತ್ರಿಗೆ ಐದರ ಮಾತು ಬಿಡಿ, ಒಂದೇ ಆಗಲಿಲ್ಲ.

ಇದಕ್ಕೂ ಸೊಂಟ ನೋವಿಗೂ ಏನು ಸಂಬಂಧ? ಗಾಳಿಗೆ ಬೀಳದಿರಲಿ ಎಂದು ಗೊನೆ ಹೊತ್ತ ಬಾಳೆಗೆ ನಾಲ್ಕು ಕಡೆಯಿಂದ ಹಗ್ಗ ಕಟ್ಟುತ್ತಾರಲ್ಲ, ಬೆನ್ನುಮೂಳೆಗೆ ಸುತ್ತಲಿನ ಸ್ನಾಯುಗಳು ಹಾಗೆ. ಪ್ರಯೋಗಾಲಯದಲ್ಲಿ ಸ್ನಾಯು ಎಲ್ಲ ತೆಗೆದು ಬರೀ ಮೂಳೆ, ಡಿಸ್ಕ್, ಅಸ್ಥಿರಜ್ಜು ಉಳಿಸಿಕೊಂಡ ಸೊಂಟದ ಬೆನ್ನೆಲುಬು ಸುಮಾರು ಒಂಬತ್ತು ಕಿಲೋ ಭಾರಕ್ಕೇ ಬಾಗಿ ಕುಸಿಯಿತು. ನಮ್ಮ ತಲೆ, ತೋಳು, ಎದೆಯ ತೂಕವೇ ಅದರ ಎಷ್ಟೋ ಪಟ್ಟು. ಉಳಿದದ್ದೆಲ್ಲ ಹೊರುವುದು ಸ್ನಾಯು. ಅದರಲ್ಲೂ ಬೆನ್ನೆಲುಬಿಗೆ ಅಂಟಿಕೊಂಡೇ ಇರುವ ಮಲ್ಟಿಫಿಡಸ್ ಎಂಬ ಸ್ನಾಯು ಒಂದೊಂದು ಮೂಳೆಯನ್ನೂ ಜಾಗದಲ್ಲಿ ಹಿಡಿಯುತ್ತದೆ. ಎಂಆರ್‌ಐ ಫಿಲ್ಮಿನಲ್ಲಿ ಸೊಂಟವನ್ನು ಅಡ್ಡ ಕೊಯ್ದಂತೆ ಕಾಣುವ ಚಿತ್ರಗಳಿರುತ್ತವೆ. ಅಲ್ಲಿ ಮೂಳೆಯ ಹಿಂದೆ ಎಡಬಲಕ್ಕೆ ಎರಡು ಕಪ್ಪು ಗಡ್ಡೆಗಳು ಕಾಣಬೇಕು. ವಯಸ್ಸಾದವರ, ಬಹುಕಾಲ ನೋವುಂಡವರ ಫಿಲ್ಮಿನಲ್ಲಿ ಆ ಕಪ್ಪಿನೊಳಗೆ ಬಿಳಿ ಗೆರೆ, ಬಿಳಿ ಮಚ್ಚೆ. ಕೆಲವರದು ಅರ್ಧಕ್ಕರ್ಧ ಬಿಳಿ. ಸ್ನಾಯು ಹೋಗಿ ಕೊಬ್ಬು ತುಂಬಿದ ಗುರುತು. ರಿಪೋರ್ಟಿನಲ್ಲಿ ಡಿಸ್ಕಿಗೆ ಐದು ಸಾಲು ಇರುತ್ತದೆ, ಇದಕ್ಕೆ ಎಷ್ಟೋ ಸಲ ಅರ್ಧ ಸಾಲೂ ಇರುವುದಿಲ್ಲ.

ಆಸ್ಟ್ರೇಲಿಯಾದ ಜೂಲಿ ಹೈಡ್ಸ್ ಮತ್ತವರ ಜೊತೆಗಾರರು 1990ರ ದಶಕದಲ್ಲಿ ಕಂಡುಕೊಂಡ ಒಂದು ಸಂಗತಿ ನನ್ನ ಕೆಲಸದ ದಾರಿಯನ್ನೇ ತೋರಿಸಿಕೊಟ್ಟಿದೆ. ಮೊದಲ ಬಾರಿ ಸೊಂಟ ಹಿಡಿದುಕೊಂಡವರಲ್ಲಿ ನೋವು ಕೆಲವೇ ವಾರಗಳಲ್ಲಿ ಹೋಯಿತು, ಆದರೆ ನೋವಿದ್ದ ಕಡೆಯ ಮಲ್ಟಿಫಿಡಸ್ ತಾನಾಗಿ ಮೊದಲಿನಂತೆ ಆಗಲಿಲ್ಲ. ಅದಕ್ಕೆಂದೇ ವ್ಯಾಯಾಮ ಮಾಡಿದವರಲ್ಲಿ ಆಯಿತು. ನೋವು ಹೋಯಿತೆಂದು ಸುಮ್ಮನಾದವರಿಗೆ ಮತ್ತೆ ಮತ್ತೆ ಬರುವುದು ಏಕೆ ಎಂಬುದಕ್ಕೆ ಇದರಲ್ಲೊಂದು ಉತ್ತರವಿದೆ. ಸೊಂಟ ಹಿಡಿದಾಗ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಬೆನ್ನಿಗೆ ಒದೆಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ನಾಲ್ಕು ದಿನಕ್ಕೆ ಹೋಗುವ ನೋವು ಒದ್ದರೂ ಹೋಗುತ್ತದೆ, ಒದೆಯದಿದ್ದರೂ ಹೋಗುತ್ತದೆ. ಹೋದ ಮೇಲೆ ಏನು ಮಾಡಬೇಕೆಂದು ಒದೆಯುವವರು ಹೇಳುವುದಿಲ್ಲ, ಅಷ್ಟೇ ನನ್ನ ತಕರಾರು.

ತೊಡೆ, ಪೃಷ್ಠದ ಸ್ನಾಯು ಸೋತರೆ ಅವುಗಳ ಪಾಲಿನ ಕೆಲಸವೂ ಸೊಂಟಕ್ಕೇ ಬೀಳುತ್ತದೆ. ಬಕೆಟ್ ಎತ್ತುವಾಗ ಮಂಡಿ ಮಡಿಸಲು ಶಕ್ತಿ ಇಲ್ಲ, ಹಾಗಾಗಿ ನಡು ಬಾಗಿಸಿ ಎತ್ತುತ್ತಾರೆ. ನೋವು ಬರುತ್ತದೆ. ನೋವಿಗೆ ಹೆದರಿ ಕೂರುತ್ತಾರೆ. ಕೂತದ್ದಕ್ಕೆ ತೊಡೆ ಇನ್ನಷ್ಟು ಸೋಲುತ್ತದೆ.

ಇಲ್ಲಿ ಮನೆಯವರ ಪ್ರೀತಿಯ ಬಗ್ಗೆ ಒಂದು ಕಠಿಣ ಮಾತು ಹೇಳಬೇಕು. ನಮ್ಮಲ್ಲಿ ಹಿರಿಯರಿಗೆ ಗೌರವ ಕೊಡುವುದೆಂದರೆ ಅವರನ್ನು ಕೂರಿಸುವುದು ಎಂದಾಗಿಬಿಟ್ಟಿದೆ. ‘ಕೂತಿರಿ ಅಪ್ಪಾಜಿ, ನಾವು ಮಾಡ್ತೀವಿ.’ ನೀರಿನ ಲೋಟ ಕೈಗೆ ಬರುತ್ತದೆ, ತಟ್ಟೆ ಕುರ್ಚಿಗೆ ಬರುತ್ತದೆ, ಹಾಲಿನ ಪ್ಯಾಕೆಟ್ ತರಲು ಮೊಮ್ಮಗ ಓಡುತ್ತಾನೆ. ನೆಲದ ಮೇಲೆ ಮಣೆ ಹಾಕಿ ಕೂರುವುದು ಹೋಯಿತು, ಹಾಸಿಗೆ ಮಂಚಕ್ಕೇರಿತು, ಕಕ್ಕಸಿಗೆ ಕಮೋಡ್ ಬಂತು. ಮಂಡಿ ತೀರಾ ಸವೆದವರಿಗೆ ಕಮೋಡ್ ಬೇಕೇ ಬೇಕು, ನಾನೇ ಹಾಕಿಸಿ ಎನ್ನುತ್ತೇನೆ. ಆದರೆ ಐವತ್ತೈದಕ್ಕೇ ಮುಂಜಾಗ್ರತೆಯೆಂದು ಎಲ್ಲ ಬಿಟ್ಟವರು, ದಿನಕ್ಕೆ ಹತ್ತಿಪ್ಪತ್ತು ಸಲ ಪುಕ್ಕಟೆ ಸಿಗುತ್ತಿದ್ದ ವ್ಯಾಯಾಮವನ್ನೂ ಬಿಟ್ಟಂತಾಯಿತು. ಬ್ರೆಜಿಲ್‌ನ ಕ್ಲಾಡಿಯೋ ಗಿಲ್ ಅರೌಜೋ 51ರಿಂದ 80 ವಯಸ್ಸಿನ 2002 ಮಂದಿಗೆ ನೆಲದ ಮೇಲೆ ಕೂತು ಏಳಲು ಹೇಳಿ, ಕೈ ಅಥವಾ ಮಂಡಿ ಊರಿದ್ದಕ್ಕೆ ಒಂದೊಂದು ಅಂಕ ಕಳೆದರು. ಹೆಚ್ಚು ಅಂಕ ಪಡೆದವರು ಮುಂದಿನ ವರ್ಷಗಳಲ್ಲಿ ಹೆಚ್ಚು ಬದುಕುಳಿದರು. 2012ರಲ್ಲಿ ಅದು ಪ್ರಕಟವಾಯಿತು. ನೆಲದಿಂದ ಏಳುವುದೇ ಆಯುಷ್ಯ ಕೊಡುತ್ತದೆ ಎಂದು ಇದರರ್ಥವಲ್ಲ. ಹಾಗೆ ಏಳಬಲ್ಲ ಮೈಯಲ್ಲಿ ಇನ್ನೂ ಬಲವಿದೆ ಎಂದರ್ಥ.

ಇನ್ನು ಮಲಗಿಸುವುದು. ಆರೋಗ್ಯವಂತರಾದ ವಯಸ್ಸಾದವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ ಒಂದು ಅಮೆರಿಕನ್ ಅಧ್ಯಯನ 2007ರಲ್ಲಿ ಬಂತು. ಸರಾಸರಿ ವಯಸ್ಸು 67. ಹತ್ತೇ ದಿನಕ್ಕೆ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಹೋಯಿತು. ನಮ್ಮ ಮೇಸ್ತ್ರಿಯ ಕಥೆಯೂ ಅಲ್ಲಿಂದಲೇ ಕೆಟ್ಟದ್ದು. ಮಳೆಗಾಲದಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ್ದರು, ಮನೆಗೆ ಬಂದ ಮೇಲೆ ‘ರೆಸ್ಟ್’ ಎಂದು ಮನೆಯವರು ಮೂರು ವಾರ ಮಂಚದಿಂದ ಇಳಿಯಗೊಡಲಿಲ್ಲ. ಜ್ವರ ಹೋದದ್ದು ಎಲ್ಲರಿಗೂ ಗೊತ್ತಾಯಿತು, ತೊಡೆ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಸೊಂಟಕ್ಕೆ ಬೆಲ್ಟ್ ಬಂತು. ನಮ್ಮ ಕಡೆ ಬೆಲ್ಟ್ ಇಲ್ಲದ ಸೊಂಟ ನೋವಿನ ಮನೆ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಬಹುಕಾಲದ ಸೊಂಟ ನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಬೆಲ್ಟು, ಟ್ರ್ಯಾಕ್ಷನ್ ಎರಡನ್ನೂ ಬೇಡವೆಂದಿದೆ. ವ್ಯಾಯಾಮ ಮತ್ತು ತಿಳಿವಳಿಕೆ ಬೇಕೆಂದಿದೆ. ಟ್ರ್ಯಾಕ್ಷನ್ ಎಳೆದು ದುಡ್ಡು ಮಾಡುವ ನಮ್ಮ ವೃತ್ತಿಯವರಿಗೆ ಇದು ಹಿತವಾದ ಸುದ್ದಿಯಲ್ಲ.

ಹೆಂಗಸರದು ಬೇರೆ ದಾರಿ, ಸೇರುವುದು ಅಲ್ಲಿಗೇ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಸುಲಿದವರು, ಮಳೆಯಲ್ಲಿ ಬಗ್ಗಿ ನಾಟಿ ಮಾಡಿದವರು ಈಗ ಆಲ್ಕೊಳದ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಮಗನ ಜೊತೆ ಇದ್ದಾರೆ. ‘ಅಷ್ಟು ಗೇದು ಗೇದೇ ಸೊಂಟ ಹೋಯ್ತು ಮಾರಾಯ್ತಿ, ಇನ್ನೂ ಎಂಥ ಮಾಡಿಸ್ತೀಯ’ ಎಂದು ಒಬ್ಬ ಅಜ್ಜಿ ನನ್ನನ್ನು ಗದರಿದ್ದರು. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಬಗ್ಗಿದ್ದರಿಂದ ನೋವು ಬಂದಿದ್ದು ನಿಜ. ಆದರೆ ಆ ಕೆಲಸ ಬಿಟ್ಟು ಹತ್ತು ವರ್ಷವಾಗಿದೆ, ನೋವು ಮಾತ್ರ ಹೆಚ್ಚಾಗಿದೆ. ಹಾಗಾದರೆ ಗೇಯ್ಮೆಯೊಂದನ್ನೇ ದೂರಿದರೆ ಲೆಕ್ಕ ಸರಿಹೋಗುವುದಿಲ್ಲ.

ಮಾಡಿಸುವುದೇನು ಎಂದರೆ ದೊಡ್ಡದೇನಿಲ್ಲ. ಗೋಡೆಗೆ ಆನಿಸಿಟ್ಟ ಗಟ್ಟಿ ಕುರ್ಚಿ, ಪ್ಲಾಸ್ಟಿಕ್ಕಿನದಲ್ಲ. ಆಗದವರಿಗೆ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡುತ್ತೇನೆ; ಎದ್ದು ಕೂರುವುದು ಸುಲಭವಾದಂತೆ ದಿಂಬು ಒಂದೊಂದಾಗಿ ತೆಗೆಯುವುದು. ಕೂರುವಾಗ ಧಪ್ಪನೆ ಬೀಳದೆ ಮೆಲ್ಲಗೆ ಇಳಿಯಬೇಕು, ಬಲ ಬರುವುದು ಅಲ್ಲೇ. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತುವುದು. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತಿ ಹಿಡಿಯುವುದು. ಅಂಗೈ, ಮಂಡಿ ಊರಿ ಎದುರುಬದುರಿನ ಕೈಕಾಲು ಚಾಚುವುದು. ಮಂಡಿ ಒಪ್ಪದವರಿಗೆ ಅದನ್ನೇ ಗೋಡೆಗೆ ನಿಂತು. ಆಮೇಲೆ ಎರಡೂ ಕೈಗೆ ಒಂದೊಂದು ಕಿಲೋ ಅಕ್ಕಿಯ ಚೀಲ ಕೊಟ್ಟು ಹಾಲಿನ ಉದ್ದಕ್ಕೆ ನಡೆಸುವುದು, ವಾರ ಕಳೆದಂತೆ ಒಂದೂವರೆ, ಎರಡು. ಹೀಗೆ ಭಾರ ಏರಬೇಕು. ಏರದಿದ್ದರೆ ಸ್ನಾಯುವಿಗೆ ಬೆಳೆಯಲು ಕಾರಣವಿಲ್ಲ. ವಾರಕ್ಕೆ ಮೂರು ದಿನ ಸಾಕು, ನಡುವೆ ಬಿಡುವಿರಲಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು, ಉಸಿರು ಬಿಗಿಹಿಡಿದು ಎತ್ತಬಾರದು.

‘ನಾನು ದಿನಾ ನೆಹರೂ ಸ್ಟೇಡಿಯಂನಲ್ಲಿ ವಾಕ್ ಮಾಡ್ತೀನಲ್ಲ’ ಎನ್ನುವವರಿದ್ದಾರೆ. ಮಾಡಿ, ಬಿಡಬೇಡಿ. ಸೊಂಟ ನೋವಿನಿಂದ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂದಿದೆ. ಹಂತಹಂತವಾಗಿ ನಡಿಗೆ ಹೆಚ್ಚಿಸಿ, ಜೊತೆಗೆ ತಿಳಿವಳಿಕೆ ಪಡೆದವರಲ್ಲಿ ನೋವು ಮರಳಿ ಬರಲು ನಡುಮಟ್ಟದ ಲೆಕ್ಕದಲ್ಲಿ 208 ದಿನ ಹಿಡಿಯಿತು. ಏನೂ ಮಾಡದವರಲ್ಲಿ 112. ನಡಿಗೆ ನೋವನ್ನು ದೂರವಿಡುತ್ತದೆ, ನಿಜ. ಹೋದ ತೊಡೆಯನ್ನು ವಾಪಸು ತರಲು ಮಾತ್ರ ಅದೊಂದೇ ಸಾಲದು. ನಡೆದಷ್ಟೂ ಕಾಲು ಜೋಮು ಹಿಡಿದು, ಮುಂದೆ ಬಾಗಿ ಕೂತೊಡನೆ ಆರಾಮಾಗುವವರಿಗೆ ನರದ ದಾರಿ ಕಿರಿದಾಗಿರಬಹುದು. ಅವರಿಗೆ ನಡಿಗೆಗಿಂತ ಸೈಕಲ್ ಹಿತ.

ಈ ವಯಸ್ಸಿನಲ್ಲಿ ಸ್ನಾಯು ಬೆಳೆಯುತ್ತದೆಯೇ ಎಂದು ಕೇಳದವರಿಲ್ಲ. ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ 86ರಿಂದ 96 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ವರದಿ ಬಂದದ್ದು 1990ರಲ್ಲಿ. ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು, ತೊಡೆಯ ಸ್ನಾಯು ಶೇ. 9ರಷ್ಟು ದಪ್ಪಗಾಗಿತ್ತು. ನಾಲ್ಕು ವರ್ಷದ ನಂತರ ನೂರು ಮಂದಿಯ ಮೇಲೆ ಮಾಡಿದಾಗ ಇನ್ನೊಂದೂ ಗೊತ್ತಾಯಿತು: ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪೇಯ ಕುಡಿದವರಿಗೆ ಬಲ ಬರಲಿಲ್ಲ. ಮೆಡಿಕಲ್ ಶಾಪಿನಿಂದ ಡಬ್ಬಿ ಪೌಡರ್ ತಂದು ಅಪ್ಪನಿಗೆ ಕಲಸಿಕೊಟ್ಟು ಕರ್ತವ್ಯ ಮುಗಿಸುವ ಮಕ್ಕಳು ಇದನ್ನು ಓದಬೇಕು.

ಊಟ ಬೇಡವೆಂದಲ್ಲ. ಊಟದಲ್ಲಿ ಸ್ನಾಯುವಿನ ಪಾಲು ನಮ್ಮಲ್ಲಿ ತೀರಾ ಕಡಿಮೆ. ವಯಸ್ಸಾದವರಿಗೆ ದೇಹತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಅರುವತ್ತು ಕಿಲೋದವರಿಗೆ 60ರಿಂದ 72 ಗ್ರಾಂ. ಬೆಳಿಗ್ಗೆ ಎರಡು ದೋಸೆ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮಜ್ಜಿಗೆ ಅನ್ನ, ನಡುವೆ ಎರಡು ಕಾಫಿ. ಲೆಕ್ಕ ಹಾಕಿದರೆ ನಲವತ್ತು ಗ್ರಾಂ ಮುಟ್ಟುವುದೇ ಕಷ್ಟ. ಹಲ್ಲಿಲ್ಲದವರು, ಒಬ್ಬರೇ ಆದವರು, ರಾತ್ರಿ ಬರೀ ಅವಲಕ್ಕಿ ತಿಂದು ಮಲಗುವವರು ಇನ್ನೂ ಕೆಳಗೆ. ಸಾರಿನ ತಿಳಿಯ ಬದಲು ತಳದ ಬೇಳೆ ಬಡಿಸಿ. ಹೆಸರುಕಾಳು, ಅಲಸಂದೆ, ಹುರಳಿಯಲ್ಲಿ ನೂರಕ್ಕೆ ಇಪ್ಪತ್ತರ ಮೇಲೆ ಪ್ರೋಟೀನ್ ಇದೆ. ಹುರಳಿ ಉಷ್ಣ ಎನ್ನುವವರು ಹೆಸರು ತಿನ್ನಲಿ, ಜಗಳ ಬೇಡ. ಒಂದು ಮೊಟ್ಟೆಗೆ ಆರು ಗ್ರಾಂ, ಗಟ್ಟಿ ಮೊಸರು, ಹುರಿಗಡಲೆ ಪುಡಿ, ತಿನ್ನುವವರಿಗೆ ಮೀನು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರು ಹೇಳಿದಷ್ಟೇ. ಹೆಸರಿಲ್ಲದ ಪೊಟ್ಟಣದ ನೋವಿನ ಪುಡಿ, ಕರಿ ಮಾತ್ರೆ ತರಬೇಡಿ ಎಂದೂ ಹೇಳಿಬಿಡುತ್ತೇನೆ. ಅಂಥದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಎರಡು ದಿನಕ್ಕೆ ನೋವು ಮಾಯವಾಗುತ್ತದೆ, ಬರಬರುತ್ತ ಮೂಳೆಯೂ ಸ್ನಾಯುವೂ ಹೋಗುತ್ತವೆ.

‘ಎಷ್ಟು ದಿನಕ್ಕೆ ಗುಣ ಆಗ್ತದೆ?’ ಎಂದು ಮೇಸ್ತ್ರಿಯ ಮಗ ಮೊದಲ ದಿನವೇ ಕೇಳಿದ್ದ. ಮೊದಲ ಕೆಲವು ವಾರದಲ್ಲಿ ಬರುವ ಬಲ ನರಗಳು ಮತ್ತೆ ಕೆಲಸ ಕಲಿತದ್ದರಿಂದ. ಸ್ನಾಯು ದಪ್ಪಗಾಗಲು ಎರಡು ಮೂರು ತಿಂಗಳು ಬೇಕು. ಬಿಟ್ಟರೆ ಮತ್ತೆ ಇಳಿಯುತ್ತದೆ, ಹಾಗಾಗಿ ಕೊನೆ ಎಂಬುದಿಲ್ಲ ಎಂದೆ. ನೋವು ಪೂರ್ತಿ ಹೋಗುತ್ತದೆಂದು ಮಾತು ಕೊಡಲಿಲ್ಲ. ಈಗ ಅವರು ದಿಂಬಿಲ್ಲದೆ ಕೈ ಕಟ್ಟಿ ಐದು ಸಲ ಏಳುತ್ತಾರೆ. ಹದಿನಾಲ್ಕು ಸೆಕೆಂಡ್ ಹಿಡಿಯುತ್ತದೆ, ಹನ್ನೆರಡರೊಳಗೆ ಬರಬೇಕು. ಬೆಳಗಿನ ಹೊತ್ತು ಸೊಂಟ ಇನ್ನೂ ಬಿಗಿಯುತ್ತದಂತೆ. ಮನೆಯಲ್ಲಿ ಹಾಲು ತರುವ ಕೆಲಸ ಅವರಿಗೆ ವಾಪಸು ಕೊಟ್ಟಾಗಿದೆ. ಗಿಡಕ್ಕೆ ನೀರು ಹೊರುವ ವಿಚಾರದಲ್ಲಿ ಸೊಸೆ ಇನ್ನೂ ಒಪ್ಪಿಲ್ಲ, ‘ನೋಡಿದವರು ಏನಂದುಕೊಳ್ತಾರೆ ಮೇಡಂ’ ಎನ್ನುತ್ತಾಳೆ. ಅರ್ಧ ಬಕೆಟ್‌ನಿಂದ ಶುರುಮಾಡಿಸು ಎಂದಿದ್ದೇನೆ.